ಉಣ್ಣೆ ಕಚ್ಚಿದ ಊರಿಗೆ

ಹಿಂದವಾಡಿ

ನಾನು ಬರೆದ ಒಂದು ಪದಕ್ಕೆ ದಂಡ ತೆತ್ತವಳು ಶೇವಂತಾ. ಕಣಕುಂಬಿಯಿಂದ ಕಾಡಿನ ದಾರಿ ಹಿಡಿದು ಅರ್ಧ ಗಂಟೆ ನಡೆದರೆ ಸಿಗುವ ಒಂದು ಸಣ್ಣ ವಾಡಿಯಲ್ಲಿ ಅವಳ ಮನೆ. ಜ್ವರ ಬಂದದ್ದು ಅವಳಿಗೆ, ಕೈನಡುಕ ಉಳಿದದ್ದು ಅವಳಿಗೆ, ಗೋಡಂಬಿಯ ಹಂಗಾಮು ತಪ್ಪಿದ್ದು ಅವಳಿಗೆ. ನನ್ನ ಪಾಲಿಗೆ ದಕ್ಕಿದ್ದು ಒಂದು ಪ್ರವಾಸ ಮತ್ತು ಈ ಲೇಖನ. ಈ ಹಂಚಿಕೆಯೇ ಅನ್ಯಾಯವೆಂದು ಮೊದಲಿಗೇ ದಾಖಲಿಸುತ್ತೇನೆ. ಅನ್ಯಾಯಗಳನ್ನು ದಾಖಲಿಸುವುದು ನನ್ನ ಹಳೆಯ ಚಟ. ನಾನು ಕಲಿತ ಶಾಲೆಯಲ್ಲಿ ಯಾರನ್ನೂ ಪ್ರಶ್ನಿಸದೆ ಬಿಡಬಾರದೆಂದು ಹೇಳಿಕೊಟ್ಟಿದ್ದರು. ತನ್ನನ್ನು ತಾನು ಪ್ರಶ್ನಿಸಿಕೊಳ್ಳುವ ಪಾಠವಿದ್ದ ದಿನ ಬಹುಶಃ ನಾನು ರಜೆ ಹಾಕಿದ್ದೆ.

ವಿದೇಶ ಪ್ರವಾಸದ ಕಥೆ ಬರೆಯುತ್ತೇನೆಂದು ಗೆಳತಿಯರಿಗೆ ಹೇಳಿದಾಗ, ಎಲ್ಲಿಗೆ ಹೋಗಿದ್ದೆ, ಯಾವ ವಿಮಾನ ಎಂದು ಕೇಳಿದರು. ನಾನು ಹತ್ತಿದ್ದು ಬಸ್ಸು. ಆದರೂ ಅದು ವಿದೇಶವೇ ಎಂಬುದನ್ನು ಮುಂದೆ ಸಾಬೀತುಪಡಿಸುತ್ತೇನೆ.

ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮದೊಂದು ಸಣ್ಣ ಆರೋಗ್ಯ ಜಾಗೃತಿ ಬಳಗ. ಡಿಸೆಂಬರಿನಲ್ಲಿ ಖಾನಾಪುರದ ಕಾಡಿನಂಚಿನ ಊರುಗಳಿಗಾಗಿ ಮಂಗನ ಕಾಯಿಲೆಯ ಬಗ್ಗೆ ಕರಪತ್ರವೊಂದನ್ನು ಹೊರತರಲು ನಿರ್ಧರಿಸಿದೆವು. ಕಾಡಿನಲ್ಲಿ ಮಂಗಗಳು ಸಾಯುತ್ತವೆ. ಅವುಗಳ ಮೈಮೇಲಿದ್ದ ರಕ್ತ ಹೀರುವ ಹುಳು ನೆಲಕ್ಕಿಳಿಯುತ್ತದೆ. ಒಣ ಎಲೆಯಲ್ಲಿ ಕಾದು ಕುಳಿತು, ಸೊಪ್ಪು ಗುಡಿಸಲು ಬಂದವರ ಕಾಲು ಹತ್ತುತ್ತದೆ. ಆ ಹುಳುವಿಗೆ ಗ್ರಂಥಸ್ಥ ಕನ್ನಡದಲ್ಲಿ ಉಣ್ಣೆ ಎನ್ನುತ್ತಾರೆ. ನಾನು ಉಣ್ಣೆ ಎಂದೇ ಬರೆದೆ.

ಖಡೇಬಜಾರಿನ ಮುದ್ರಣಾಲಯದ ಇಮ್ತಿಯಾಜ್ ಭಾಯಿ ಕರಡು ಓದಿ, ಕನ್ನಡಕ ಹಣೆಗೇರಿಸಿದರು.

"ಅಕ್ಕಾರ, ಖಾನಾಪುರ ಕಡೆ ಇದಕ್ಕ ಗೋಚಡಿ ಅಂತಾರ ನೋಡ್ರಿ. ಉಣ್ಣಿ ಅಂದ್ರ ಮಂದಿಗೆ ಸ್ವೆಟರ್ ನೆಪ್ಪಾಗ್ತೈತಿ."

ಭಾಷೆಯ ಶುದ್ಧಿಯ ಕುರಿತು ನಾನು ಅವರಿಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಹುಳುವಿನ ಚಿತ್ರ ಹಾಕೋಣವೇ ಎಂದು ಕೇಳಿದರು. ಚಿತ್ರ ಹಾಕುವುದು ಓದುಗರ ಬುದ್ಧಿಗೆ ಮಾಡುವ ಅವಮಾನವೆಂದೆ. ಗಡಿಭಾಗದ ಜನರ ಭಾಷಾ ಹಕ್ಕನ್ನು ಗೌರವಿಸಬೇಕೆಂಬ ಸದುದ್ದೇಶದಿಂದ ಹಿಂಬದಿಗೆ ಮರಾಠಿಯನ್ನೂ ಹಾಕಿಸಿದೆ. ಮರಾಠಿ ನನಗೆ ಬಾಯಿಗೆ ಬರುತ್ತದೆ, ಕೈಗೆ ಬಾರದು. ಆದ್ದರಿಂದ ಕನ್ನಡ ಪಠ್ಯವನ್ನು ಫೋನಿಗೆ ಒಪ್ಪಿಸಿದೆ. ಅದು ಒಂದು ಕ್ಷಣವೂ ಅನುಮಾನಿಸದೆ ಅನುವಾದಿಸಿಕೊಟ್ಟಿತು. ಅದರ ಆತ್ಮವಿಶ್ವಾಸ ಕಂಡು ನನಗೆ ನನ್ನದೇ ನೆನಪಾಗಿ, ತಿದ್ದುವ ಗೋಜಿಗೆ ಹೋಗಲಿಲ್ಲ.

ಮಾರ್ಚಿನಲ್ಲಿ ಕಣಕುಂಬಿ ಕಡೆಯಿಂದ ಸುದ್ದಿ ಬಂತು. ಒಂದು ವಾಡಿಯ ಜನ ನಮ್ಮ ಕರಪತ್ರವನ್ನು ಅಕ್ಷರಶಃ ಪಾಲಿಸುತ್ತಿದ್ದಾರಂತೆ. ಮೂವತ್ತು ವರ್ಷಗಳ ಹೋರಾಟದಲ್ಲಿ ಯಾರೂ ನನ್ನ ಮಾತನ್ನು ಅಕ್ಷರಶಃ ಪಾಲಿಸಿರಲಿಲ್ಲ. ಕಣ್ಣಾರೆ ಕಾಣಲು ಹೊರಟೆ.

ಖಾನಾಪುರ

ಕಾಡಿಗೆ ಹೋಗುವವರು ಬಿಳಿ ಬಟ್ಟೆ ತೊಡಬೇಕು, ಹುಳು ಹತ್ತಿದರೆ ಕಾಣುತ್ತದೆ ಎಂದು ನಾನೇ ಬರೆದಿದ್ದೆ. ಬಿಳಿ ಪ್ಯಾಂಟು, ಬಿಳಿ ಅಂಗಿ, ಪ್ಯಾಂಟಿನ ತುದಿಯನ್ನು ನುಂಗಿದ ಬಿಳಿ ಕಾಲುಚೀಲ, ಅಗಲವಾದ ಟೊಪ್ಪಿಗೆ. ಮೇಲೆ ಬೇವಿನೆಣ್ಣೆಯ ಲೇಪ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾನಾಪುರದವರೆಗೂ ಖಾಲಿ ಉಳಿಯಿತು. ಮುಂದಿನ ಸೀಟಿನವರು ಕಿಟಕಿ ಸರಿಸಿದರು. ಸಾರ್ವಜನಿಕ ಸಾರಿಗೆಯಲ್ಲಿ ಇಷ್ಟು ವಿಶಾಲವಾಗಿ ಕುಳಿತು ಪ್ರಯಾಣಿಸಿದ್ದು ಅದೇ ಮೊದಲು.

ಖಾನಾಪುರದಲ್ಲಿ ಇಳಿದು ಕಣಕುಂಬಿಯ ಬಸ್ಸು ಕೇಳಿದೆ. ಮಡಕೆಗಳ ಗಂಟಿನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲಿಂದ ಬಂದಿರಿ ಎಂದರು. ಬೆಳಗಾವಿಯಿಂದ ಎಂದೆ.

"ಬೆಳಗಾವ್ಯಾಗಿಂದ ಸೀದಾ ಜಾಂಬೋಟಿ ಮ್ಯಾಲೆ ಬಸ್ಸ ಐತೆಲ್ರೀ. ಇಲ್ಲಿಗ್ಯಾಕ ಬಂದ್ರಿ? ಅಂಪೈರಿಂಗ್ ಇತ್ತೇನು?"

ಕಣಕುಂಬಿ ಖಾನಾಪುರ ತಾಲ್ಲೂಕಿನಲ್ಲಿದೆ. ಆದ್ದರಿಂದ ಖಾನಾಪುರದ ಮೇಲೆಯೇ ಹೋಗಬೇಕು ಎಂದು ನಾನು ತರ್ಕಿಸಿದ್ದೆ. ಕಾಗದದ ಮೇಲಿನ ತಾಲ್ಲೂಕನ್ನೇ ನೆಲವೆಂದು ನಂಬುವ ಈ ತಪ್ಪನ್ನು ನಾನು ಇತರರಲ್ಲಿ ಎಷ್ಟೋ ಸಲ ಖಂಡಿಸಿದ್ದೇನೆ. ಮಡಕೆಗಳ ಪಕ್ಕದಲ್ಲಿ ಎರಡು ತಾಸು ಕುಳಿತು ಅದರ ಬಗ್ಗೆ ಯೋಚಿಸಲು ಅವಕಾಶ ಸಿಕ್ಕಿತು.

ಕಣಕುಂಬಿಯ ಆಚೆ

ಜಾಂಬೋಟಿ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ, ಆಮೇಲೆ ಬಟ್ಟೆಯಂತೆ ಹರಿಯತೊಡಗುತ್ತದೆ. ಇಲ್ಲೊಂದು ಗೋಡಂಬಿಯ ತೋಟ, ಅಲ್ಲೊಂದು ರೆಸಾರ್ಟಿನ ಬೇಲಿ, ನಡುವೆ ದನ ಮೇಯುವ ಬಯಲು. ಮಂಗನ ಕಾಯಿಲೆ ಹಬ್ಬುವುದು ಇಂಥ ಹರಿದ ಅಂಚುಗಳಲ್ಲಿಯೇ. ಕಾಡು ಕಾಡಾಗಿಯೇ ಇದ್ದಲ್ಲಿ ಮಂಗ, ಹುಳು, ದನ, ಮನುಷ್ಯ ಒಂದೇ ದಾರಿಯಲ್ಲಿ ನಡೆಯುವುದು ಕಡಿಮೆ. ಅಂಚು ಹೆಚ್ಚಿದಷ್ಟೂ ನಾಲ್ವರ ಭೇಟಿ ಹೆಚ್ಚುತ್ತದೆ. ಮಳೆಗಾಲದಲ್ಲಿ ನೆನೆದ ನೆಲ ಜನವರಿಯ ಹೊತ್ತಿಗೆ ಒಣಗಿ, ಎಲೆ ಉದುರಿ, ಎಳ್ಳುಕಾಳಿನಷ್ಟು ಸಣ್ಣ ಮರಿಹುಳುಗಳು ಮೇಲೆ ಬರುತ್ತವೆ. ದನದ ಕೊಟ್ಟಿಗೆಗೆ ಹಾಸಲು ಜನ ಒಣ ಎಲೆ ಗುಡಿಸುವುದೂ ಅದೇ ತಿಂಗಳಲ್ಲಿ. ಇದನ್ನೆಲ್ಲ ನಾನು ಕರಪತ್ರದಲ್ಲಿ ಚೆನ್ನಾಗಿಯೇ ಬರೆದಿದ್ದೆ.

ವಾಡಿಯಲ್ಲಿ ನನ್ನನ್ನು ಎದುರುಗೊಂಡವರು ಸುಂದರಾಬಾಯಿ, ಶೇವಂತಾಳ ಅತ್ತೆ. ಬರ್ರಿ ತಾಈ, ಕುಂದರ್ರಿ ಎಂದರು. ಬಂದ ಕ್ಷಣವೇ ನನ್ನನ್ನು ತಾಯಿಯೆಂದು ಕರೆದರಲ್ಲ ಎಂದು ಕಣ್ಣು ತೇವವಾಯಿತು. ಮರಾಠಿಯಲ್ಲಿ ತಾಈ ಎಂದರೆ ಬರೀ ಅಕ್ಕ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಎಪ್ಪತ್ತೈದರ ಸುಂದರಾಬಾಯಿ ಐವತ್ತೆರಡರ ನನ್ನನ್ನು ಅಕ್ಕ ಎಂದದ್ದರಲ್ಲಿ ಹಿಗ್ಗುವಂಥದ್ದೇನೂ ಇರಲಿಲ್ಲ.

ಕರಪತ್ರದ ವಿಷಯ ತೆಗೆದೆ. ಅವರು ಹೆಮ್ಮೆಯಿಂದ ಅಂಗಳದ ಮೂಲೆ ತೋರಿಸಿದರು. ಅಲ್ಲಿ ಹಗ್ಗದಿಂದ ಬಿಗಿದ ಒಂದು ದೊಡ್ಡ ಗೋಣಿಚೀಲವಿತ್ತು. ವಾಡಿಯ ಎಲ್ಲ ಕಂಬಳಿ, ಸ್ವೆಟರು, ಕಿವಿಗೆ ಕಟ್ಟುವ ಮಫ್ಲರು ಅದರೊಳಗಿದ್ದವು. ನನಗೆ ಅರ್ಥವಾಗಲಿಲ್ಲ. ಅವರು ಒಳಗಿನಿಂದ ಕರಪತ್ರ ತಂದು ಮರಾಠಿಯ ಬದಿ ತಿರುಗಿಸಿ ಕೊಟ್ಟರು. ದಪ್ಪ ಅಕ್ಷರದ ಮೊದಲ ಸಾಲನ್ನು ಕೂಡಿಸಿಕೊಂಡು ಓದಿದೆ: *ಲೋಕರೀಪಾಸೂನ ಸಾವಧ ರಾಹಾ.*

ಲೋಕರ ಎಂದರೆ ಕುರಿಯ ಉಣ್ಣೆ; ಅದರಿಂದ ಎಚ್ಚರವಾಗಿರಿ ಎಂದಿತ್ತು ಆ ಸಾಲು.

ಉಳಿದದ್ದನ್ನೂ ಓದಿದೆ. ಉಣ್ಣೆ ಕಚ್ಚಿದರೆ ಕೂಡಲೇ ದವಾಖಾನೆಗೆ ಹೋಗಿ. ಕಾಡಿಗೆ ಹೋಗುವಾಗ ಮೈಮೇಲೆ ಉಣ್ಣೆ ಇಲ್ಲದಂತೆ ಎಚ್ಚರ ವಹಿಸಿ. ಮನೆಗೆ ಬಂದ ಮೇಲೆ ಮಕ್ಕಳ ಮೈಯಲ್ಲಿ ಉಣ್ಣೆ ಇದೆಯೇ ಎಂದು ಪರೀಕ್ಷಿಸಿ ತೆಗೆದುಹಾಕಿ. ಅನುವಾದದಲ್ಲಿ ವ್ಯಾಕರಣದ ಒಂದು ದೋಷವೂ ಇರಲಿಲ್ಲ.

ಉಣ್ಣೆ ಕಚ್ಚುವುದುಂಟೇ, ನೀವು ಹೇಗೆ ನಂಬಿದಿರಿ ಎಂದು ಕೇಳಿದೆ. ಧ್ವನಿಯಲ್ಲಿ ಆಪಾದನೆಯಿತ್ತು, ಅದಕ್ಕೆ ನಾಚಿಕೆಪಡುತ್ತೇನೆ. ಸುಂದರಾಬಾಯಿ ಸಿಟ್ಟಾಗಲಿಲ್ಲ.

"ಕೊರೋನಾ ಬಂದಾಗ ಉಸಿರಾಡೂದ ಕೆಟ್ಟ ಅಂದ್ರಿ. ಬಾಯಿ ಕಟ್ಟಕೊಂಡ ಕುಂತ್ವಿ. ಈಗ ಉಣ್ಣಿ ಕೆಟ್ಟ ಅಂದ್ರಿ, ಬಿಟ್ಟ್ವಿ. ಶಾಣ್ಯಾ ಮಂದಿ ಬೆಳಗಾವಿಂದ ಬರದ ಕಳಸಿದ್ದು, ನಾವ್ಯಾಕ ಸುಳ್ಳ ಅನ್ನೂಣು?"

ಅನಂತರ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, ಎಮ್ಮೆಯ ಕಿವಿ ಮಡಚಿ, ಬೂದುಬಣ್ಣದ ಉಬ್ಬಿದ ಹುಳುವೊಂದನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. ನೀವು ಹೇಳುವುದು ಇದನ್ನೋ, ಇದು ಗೋಚಡಿಯಲ್ಲವೇ ಎಂದರು. ಹೌದೆಂದೆ. ಗೋಚಡಿ ಎಂದು ಬರೆದಿದ್ದರೆ ಚಿಕ್ಕ ಮಕ್ಕಳಿಗೂ ತಿಳಿಯುತ್ತಿತ್ತಲ್ಲ ಎಂದರು. ಅದಕ್ಕೂ ಹೌದೆಂದೆ. ಅದೇ ಹೊತ್ತಿಗೆ ನನ್ನ ಬಿಳಿ ಅಂಗಿಯ ತೋಳಿನಿಂದ ಇನ್ನೊಂದನ್ನು ಹೆಕ್ಕಿ, ಬಿಳಿ ಬಟ್ಟೆ ಚಲೋ ಐತಿ ತಾಈ, ಭಾಳ ಛಂದ ಕಾಣಸ್ತೈತಿ ಎಂದರು.

ಶೇವಂತಾ ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಮೂವತ್ತೈದರ ಹೆಂಗಸು. ಚಳಿಗಾಲದ ಬೆಳಗುಗಳಲ್ಲಿ ಎಲೆ ಗುಡಿಸಲು ಹೋಗುವಾಗ ತುಂಬುತೋಳಿನ ಸ್ವೆಟರು ತೊಟ್ಟು, ಮೊಣಕಾಲಿನಿಂದ ಕೆಳಗೆ ಹಳೆಯ ಕಂಬಳಿಯ ತುಂಡು ಸುತ್ತಿಕೊಳ್ಳುವುದು ಅವಳ ರೂಢಿಯಾಗಿತ್ತು. ಅವಳಿಗೇ ಗೊತ್ತಿಲ್ಲದೆ ಅದು ಒಳ್ಳೆಯ ರಕ್ಷೆಯಾಗಿತ್ತು. ನನ್ನ ಕರಪತ್ರ ಬಂದ ಮೇಲೆ ಎರಡನ್ನೂ ಗೋಣಿಚೀಲಕ್ಕೆ ಹಾಕಿ, ಬರಿಗಾಲಲ್ಲಿ ಬರಿತೋಳಲ್ಲಿ ಕಾಡಿಗೆ ಹೋದಳು. ಫೆಬ್ರವರಿಯಲ್ಲಿ ಘಟ್ಟದ ಕೆಳಗೆ, ಗೋವೆಯ ಗಡಿಯೊಳಗಿನ ಗೋಡಂಬಿ ತೋಟಕ್ಕೆ ಎಂದಿನಂತೆ ಕೂಲಿಗೆ ಇಳಿದಳು. ಮೂರನೆಯ ವಾರ ತಲೆ ಸಿಡಿಯುವಂಥ ನೋವು ಮತ್ತು ಜ್ವರ ಹೊತ್ತು ಮರಳಿದಳು. ಎಂಟು ದಿನ ಮಲಗಿದ್ದಳು. ಈಗ ಎರಡು ದಿನಗಳಿಂದ ಜ್ವರವಿಲ್ಲ; ಸೋಮವಾರ ತೋಟಕ್ಕೆ ಮರಳುವವಳಿದ್ದಳು.

ಕರಪತ್ರದ ಎರಡನೆಯ ಪುಟದಲ್ಲಿ ಒಂದು ಸಾಲು ಸರಿಯಾಗಿಯೇ ಅನುವಾದವಾಗಿತ್ತು: ಈ ಜ್ವರ ಕೆಲವರಲ್ಲಿ ಬಿಟ್ಟು, ಒಂದೆರಡು ವಾರಗಳ ಬಳಿಕ ಮತ್ತೆ ಬರುತ್ತದೆ, ಎರಡನೆಯ ಸಲ ನರಮಂಡಲಕ್ಕೆ ತಾಗಬಹುದು. ದವಾಖಾನೆಯಿಲ್ಲದ ಗುಡ್ಡದ ತೋಟದಲ್ಲಿ, ತಗಡಿನ ಶೆಡ್ಡಿನಲ್ಲಿ ಅದು ಮರಳಿದರೆ ಏನಾದೀತು ಎಂಬುದನ್ನು ನಾನು ಬರೆದಿರಲಿಲ್ಲ, ಆದರೆ ಬಲ್ಲೆ. ರಕ್ತಪರೀಕ್ಷೆ ಆಗಬೇಕಿತ್ತು. ಆದರೆ ಅವಳ ಜ್ವರಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದಿದ್ದರೆ ಅವಳನ್ನು ಯಾರೂ ದಾಖಲಿಸಿಕೊಂಡು ಕಾಯುವುದಿಲ್ಲ. ವಾಡಿಗೆ ಹುಳು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯೂ ಬರುವುದಿಲ್ಲ. ಕಾಯಿಲೆಯಿಲ್ಲದ ಊರಿಗೆ ಎಣ್ಣೆ ಏಕೆ?

ಹತ್ತಿರದ ದವಾಖಾನೆಯೊಂದರಲ್ಲಿ ಅವಳಿಗೆ ಆಗಲೇ ಹೇಳಿದ್ದರಂತೆ: ಗೋವಾದಲ್ಲಿ ಕೆಲಸ ಮಾಡುವಾಗ ಬಂದ ಜ್ವರ, ಅಲ್ಲಿಯೇ ತೋರಿಸಿ. ಹಾಗಾದರೆ ಅಲ್ಲಿಗೇ ಹೋಗೋಣ ಎಂದೆ. ಸುಂದರಾಬಾಯಿ ಎಲೆಅಡಿಕೆ ಮಡಚುತ್ತ ನಕ್ಕರು.

"ನಮ್ಮ ಮಾವಗ ಆ ಕಡೆ ಇಳ್ಯಾಕ ಫಿರಂಗ್ಯಾರ ಪಾಸು ಬೇಕಾಗಿತ್ತ. ಈಗ ಮನಷ್ಯಾಗ ಬ್ಯಾಡ. ಆದ್ರ ಜ್ವರಕ್ಕ ಇನ್ನೂ ಬೇಕ ನೋಡ್ರಿ."

ನನ್ನ ಪ್ರವಾಸ ವಿದೇಶ ಪ್ರವಾಸವಾದದ್ದು ಅಲ್ಲಿಂದ.

ಗಡಿಯಾಚೆ

ಮರುದಿನದ ಬಸ್ಸಿನಲ್ಲಿ, ಚೋರ್ಲಾ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡವಳು ನಾನು. ಜ್ವರದಿಂದ ಎದ್ದ ಶೇವಂತಾ ನನ್ನ ಬೆನ್ನು ನೀವುತ್ತಿದ್ದಳು. ಗಡಿಯ ಫಲಕ ಹಿಂದಕ್ಕೆ ಸರಿದಾಗ ಕಾಡು ಬದಲಾಗಲಿಲ್ಲ. ಅದೇ ಮರ, ಅದೇ ಒಣ ಎಲೆ, ರಸ್ತೆಗೋಡೆಯ ಮೇಲೆ ಅದೇ ಮಂಗಗಳು. ಅವು ಎರಡೂ ರಾಜ್ಯಗಳಲ್ಲಿ ಬಾಲ ಇಳಿಬಿಟ್ಟು ಕುಳಿತಿದ್ದವು.

ನಾವು ಆರೋಗ್ಯ ಕೇಂದ್ರವಿದ್ದ ಊರು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಆ ಕಡೆ ಆ ಹೊತ್ತಿಗೆ ಅಂಗಡಿಗಳು ಬಾಗಿಲೆಳೆದುಕೊಂಡು, ಊರಿಗೆ ಊರೇ ಮಲಗುತ್ತದೆ. ದುಡಿಯುವ ಹೊತ್ತಿನಲ್ಲಿ ನಿದ್ರಿಸುವ ಸಮಾಜದ ಕುರಿತು ಶೇವಂತಾಳಿಗೆ ನನ್ನ ಅಭಿಪ್ರಾಯ ವಿವರಿಸುತ್ತ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತೆ. ಎಚ್ಚರವಾದಾಗ ಮೂರೂವರೆಯಾಗಿತ್ತು. ಶೇವಂತಾ ನನ್ನ ಟೊಪ್ಪಿಗೆಯಿಂದ ನನಗೆ ಗಾಳಿ ಬೀಸುತ್ತಿದ್ದಳು.

ಅಲ್ಲಿಯ ಸಿಬ್ಬಂದಿ ಬಹಳ ಸೌಜನ್ಯದವರು. ಮೊದಲು ನೀರು ಕೊಟ್ಟರು. ಆಮೇಲೆ ಅರ್ಜಿಯ ಒಂದು ಅಂಕಣದ ಮೇಲೆ ಬೆರಳಿಟ್ಟರು: *ಜ್ವರ ಆರಂಭವಾದ ಸ್ಥಳ.* ತೋಟದಲ್ಲಿದ್ದಾಗ ಜ್ವರವಿತ್ತೇ? ಇರಲಿಲ್ಲ. ಮನೆ ಎಲ್ಲಿ? ಕರ್ನಾಟಕದಲ್ಲಿ. ಅಲ್ಲಿಯೂ ಎಲೆ ಗುಡಿಸುತ್ತಿದ್ದಳೇ? ಗುಡಿಸುತ್ತಿದ್ದಳು. ಹಾಗಾದರೆ ಇದು ನಿಮ್ಮ ರಾಜ್ಯದ ಪ್ರಕರಣ, ಅಲ್ಲಿಯೇ ಮಾದರಿ ತೆಗೆಯಬೇಕು.

ನಾನು ಎದ್ದು ನಿಂತು, ಒಕ್ಕೂಟ ವ್ಯವಸ್ಥೆಯ ಆಶಯಗಳ ಬಗ್ಗೆ ಸುಮಾರು ಹತ್ತು ನಿಮಿಷ ಮಾತನಾಡಿದೆ. ಆವೇಶದಲ್ಲಿ ಮರಾಠಿ ಮರೆತು, ಕನ್ನಡದಲ್ಲಿ. ಅವರು ಕೊಂಕಣಿ ಬಲ್ಲವರು, ಮರಾಠಿ ಬಲ್ಲವರು. ಕೊನೆಯವರೆಗೆ ಗೌರವದಿಂದ ಕೇಳಿ, ಇನ್ನೊಂದು ಲೋಟ ನೀರು ಕೊಟ್ಟರು.

ಮತ್ತೆ ಈಚೆ

ರಾತ್ರಿ ಅಲ್ಲಿಯೇ ತಂಗಿ, ಮರುದಿನ ಬೆಳಗ್ಗೆ ಘಟ್ಟ ಹತ್ತಿ ಬಂದು, ಗಡಿಯೀಚೆಯ ದವಾಖಾನೆಯೊಂದರ ಎದುರು ಸಾಲಿನಲ್ಲಿ ನಿಂತೆವು. ಅದೇ ಬಗೆಯ ಅರ್ಜಿ, ಅದೇ ಅಂಕಣ. ಮೇಜಿನ ಹಿಂದಿದ್ದವರು ಹಿಂದಿನ ದಿನದವರಷ್ಟೇ ಸೌಜನ್ಯವುಳ್ಳವರು. ಗೋಡಂಬಿ ತೋಟ ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ನಾನು ಮತ್ತೆ ಭಾಷಣ ಆರಂಭಿಸಿದೆ. ಈ ಸಲ ಭಾಷೆಯಾದರೂ ತಿಳಿಯುತ್ತಿತ್ತು. ಮೇಡಂ, ಇದನ್ನೇ ಒಂದು ಅರ್ಜಿ ಬರೆದುಕೊಡಿ, ಮೇಲೆ ಕಳಿಸುತ್ತೇವೆ ಎಂದರು. ನಾನು ಅರ್ಜಿ ಬರೆಯಲು ಕುಳಿತೇ ಬಿಟ್ಟೆ. ಅರ್ಜಿ ಬರೆಯುವುದೆಂದರೆ ನನಗೆ ಹಸಿದವನಿಗೆ ಊಟ ಬಡಿಸಿದಂತೆ. ಮೂರನೆಯ ಪುಟದಲ್ಲಿದ್ದಾಗ ಶೇವಂತಾ ನನ್ನನ್ನು ದಾಟಿ ಮೇಜಿನ ಹತ್ತಿರ ಹೋದಳು. ಅಲ್ಲಿಯವರೆಗೆ ಅವಳು ಸ್ವಂತ ಜ್ವರದ ಬಗ್ಗೆ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ; ಕೇಳುವಷ್ಟು ಹೊತ್ತು ನಾನು ಸುಮ್ಮನಿದ್ದೆನೇ ಎಂಬುದು ಬೇರೆ ಮಾತು.

"ಸಾಹೇಬ್ರ, ನನಗ ಜ್ವರ ಸುರು ಆಗಿದ್ದು ಬಸ್ಸಿನಾಗರೀ. ಘಾಟದ ಮೂರನೇ ವಳಣದಾಗ, ಬಸ್ಸ ತಿರುಗೂ ಮುಂದ. ಆ ವಳಣ ಯಾರದ ಅಂತ ನೀವ ಹೇಳ್ರಿ. ಯಾರದೂ ಅಲ್ಲಂದ್ರ ಅಲ್ಲೊಂದ ದವಾಖಾನಿ ಕಟ್ಟಸ್ರಿ, ಹೋಗಿ ಕುಂದರ್ತೇನಿ."

ಸಾಲಿನಲ್ಲಿದ್ದವರು ನಕ್ಕರು. ಒಬ್ಬರು, ಮೂರನೇ ತಿರುವು ಗೋವಾದ್ದಲ್ಲ, ನಮ್ಮದೇ ಎಂದು ವಾದಕ್ಕಿಳಿದರು, ಇನ್ನೊಬ್ಬರು ಅಲ್ಲವೆಂದರು. ಗಲಾಟೆ ಕೇಳಿ ಒಳಗಿನಿಂದ ಬಂದ ಪ್ರಯೋಗಾಲಯದ ಹೆಣ್ಣುಮಗಳು ಯಾರನ್ನೂ ಏನನ್ನೂ ಕೇಳದೆ ಶೇವಂತಾಳ ತೋಳಿಗೆ ರಬ್ಬರು ಬಿಗಿದಳು. ಅಂಕಣದಲ್ಲಿ ಏನು ಬರೆಯಲಿ ಎಂದು ಮೇಜಿನವರು ಕೇಳಿದಾಗ ಅವಳು ಹೇಳಿದ್ದಿಷ್ಟೇ: "ಬಸ್ಸು ಅಂತ ಬರೀರಿ ಸರ್."

ನನ್ನ ಅರ್ಜಿ ಮೂರೂವರೆ ಪುಟವಾಗಿತ್ತು. ಅದನ್ನು ಮಡಚಿ ಚೀಲಕ್ಕೆ ಹಾಕಿದೆ.

ಹಿಂದವಾಡಿ, ಶೇವಂತಾಳ ಪ್ರವಾಸ

ಫಲಿತಾಂಶ ಬರುವವರೆಗೆ ದೊಡ್ಡ ಆಸ್ಪತ್ರೆಗೆ ಹತ್ತಿರವಿರಲಿ ಎಂದು ಅವಳನ್ನು ನಮ್ಮ ಮನೆಗೆ ಕರೆತಂದೆ. ಪ್ರವಾಸಿಗಳ ಕುತೂಹಲ ಈಗ ಅವಳದಾಯಿತು. ಮೊದಲ ದಿನವೇ ಮನೆಯನ್ನೆಲ್ಲ ನೋಡಿ ಬಂದು, ಹಜಾರದಲ್ಲಿ ನಾನು ಸಾಲಾಗಿ ಜೋಡಿಸಿದ್ದ ಮನಿಪ್ಲಾಂಟಿನ ಬಾಟಲಿಗಳ ಎದುರು ನಿಂತಳು.

"ತಾಈ, ಇವ್ನ ಸಾಕೀರೇನ್ರೀ?"

ಸ್ವಚ್ಛವಾದ ನೀರಿನಲ್ಲಿ ಡೆಂಗೀ ಸೊಳ್ಳೆಯ ಮರಿಗಳು ಕೊಂಕಿ ಕೊಂಕಿ ಈಜುತ್ತಿದ್ದವು. ಏಳು ಬಾಟಲಿಗಳಲ್ಲಿ ಐದರಲ್ಲಿ. ಹಿತ್ತಲಿನ ಡ್ರಮ್ಮಿನಲ್ಲಿ ಲೆಕ್ಕವಿಲ್ಲದಷ್ಟು. ಫೌಂಡ್ರಿಗಳ ಬಯಲಿನಲ್ಲಿ ಮಳೆನೀರು ತುಂಬಿ ಬಿದ್ದ ಟೈರುಗಳ ವಿರುದ್ಧ ನಾನು ಒಂದು ಪೂರ್ತಿ ಮಳೆಗಾಲ ಸಹಿ ಸಂಗ್ರಹಿಸಿದ್ದೆ. ನಮ್ಮ ಕಾಲೊನಿಗೆ ನಲ್ಲಿನೀರು ದಿನಬಿಟ್ಟು ದಿನವೂ ಬರುವುದಿಲ್ಲ, ಆದ್ದರಿಂದ ಎಲ್ಲರೂ ಡ್ರಮ್ಮು ತುಂಬಿಡುತ್ತೇವೆ, ಆದ್ದರಿಂದ ಸೊಳ್ಳೆ. ಭೂಗೋಳವೆಂದರೆ ಬೆಟ್ಟ ನದಿಗಳಷ್ಟೇ ಎಂದುಕೊಂಡಿದ್ದೆ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದೂ ಒಂದು ಊರಿನ ಭೂಗೋಳವೇ. ಕಾಡಿನ ಜ್ವರವಿರಬಹುದಾದವಳನ್ನು ನಾನು ನಗರದ ಜ್ವರದ ಕೊಟ್ಟಿಗೆಗೆ ತಂದು ಮಲಗಿಸಿದ್ದೆ. ಶೇವಂತಾ ಸೆರಗು ಸಿಕ್ಕಿಸಿಕೊಂಡು ಡ್ರಮ್ಮು ಉರುಳಿಸಿ ತೊಳೆದಳು. ನಾನು ಬಾಟಲಿಗಳನ್ನು ಚೆಲ್ಲಿದೆ.

ಐದನೆಯ ದಿನ ಜ್ವರ ಮರಳಿತು. ಕುತ್ತಿಗೆ ಬಿಗಿದು, ಮಾತು ತೊದಲಿತು. ಚಹಾದ ಬಟ್ಟಲು ಕೈಯಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಗೆ ಹತ್ತು ನಿಮಿಷದ ದಾರಿ, ಆಟೊದಲ್ಲಿ ಕರೆದೊಯ್ದೆ. ರಕ್ತದ ವರದಿ ಅದರ ಮರುದಿನ ಬಂತು. ಮಂಗನ ಕಾಯಿಲೆಯೇ. ಅವಳು ತೋಟದ ತಗಡಿನ ಶೆಡ್ಡಿನಲ್ಲಿದ್ದಿದ್ದರೆ ಎಂಬ ವಾಕ್ಯವನ್ನು ನಾನು ಪೂರ್ಣಗೊಳಿಸಲಾರೆ.

ಶೇವಂತಾ ಬದುಕಿದಳು. ವರದಿ ಬಂದ ವಾರದಲ್ಲಿ ವಾಡಿಗೆ ಎಣ್ಣೆಯ ಬಾಟಲಿಗಳು ಬಂದವು. ಗೋಣಿಚೀಲ ಬಿಚ್ಚಿ ಅವರವರ ಸ್ವೆಟರುಗಳನ್ನು ಅವರವರಿಗೆ ಹಂಚಿದವಳು ನಾನು, ಹೆಸರು ಹೆಸರಿಗೆ ಕ್ಷಮೆ ಕೇಳುತ್ತ. ಶೇವಂತಾಳ ಬಲಗೈ ಇನ್ನೂ ನಡುಗುತ್ತದೆ. ಗೋಡಂಬಿಯ ಹಣ್ಣಿನಿಂದ ಬೀಜವನ್ನು ತಿರುವಿ ಬಿಡಿಸಲು ಎರಡು ಬೆರಳು ಬಿಗಿಯಾಗಿ ನಿಲ್ಲಬೇಕು, ಅವು ನಿಲ್ಲುತ್ತಿಲ್ಲ. ನಿಲ್ಲುತ್ತವೆ, ಸಾವಕಾಶ ಆಗ್ತೈತಿ ಎಂದು ಅವಳೇ ನನಗೆ ಧೈರ್ಯ ಹೇಳುತ್ತಾಳೆ.

ಗಡಿಯ ಎರಡೂ ಬದಿಯ ಆರೋಗ್ಯಾಧಿಕಾರಿಗಳೇ, ನನ್ನ ತಪ್ಪನ್ನು ನಾನು ಹೆಸರಿಸಿದ್ದೇನೆ, ಈಗ ನಿಮ್ಮದು. ನಿಮ್ಮ ಅರ್ಜಿಯ ಒಂದು ಅಂಕಣಕ್ಕಾಗಿ ಜ್ವರದಿಂದ ಆಗಷ್ಟೇ ಎದ್ದವಳೊಬ್ಬಳು ಘಟ್ಟ ಇಳಿದು ಮತ್ತೆ ಹತ್ತಿದಳು. ಜ್ವರ ಎಲ್ಲಿ ಆರಂಭವಾಯಿತೆಂದು ಕೇಳಿ ಬರೆದುಕೊಳ್ಳಿ. ಕಾಯಿಲೆಯ ಜಾಡು ಹಿಡಿಯಲು ಅದು ಬೇಕು. ಆದರೆ ರಕ್ತ ತೆಗೆದ ಮೇಲೆ ಕೇಳಿ. ಈ ಡಿಸೆಂಬರು ಮುಗಿಯುವುದರೊಳಗೆ, ಎಲೆ ಗುಡಿಸುವ ಕೆಲಸ ಆರಂಭವಾಗುವ ಮೊದಲು, ಇಬ್ಬರೂ ಒಂದೇ ಕಾಗದಕ್ಕೆ ಸಹಿ ಮಾಡಿ ಎರಡೂ ಕಡೆಯ ದವಾಖಾನೆಗಳ ಬಾಗಿಲಿಗೆ ಅಂಟಿಸಿ: ಕಾಡಿನಿಂದ ಜ್ವರ ಹೊತ್ತು ಬಂದ ಯಾರೇ ಆಗಲಿ, ಯಾವ ರಾಜ್ಯದವರೇ ಆಗಲಿ, ಅವರು ಎಲ್ಲಿ ನಿಂತಿದ್ದಾರೋ ಅಲ್ಲಿಯೇ, ಅದೇ ದಿನ, ಅವರ ರಕ್ತದ ಮಾದರಿಯನ್ನು ತೆಗೆಯತಕ್ಕದ್ದು.